ಕಡಿಮೆ ಖರ್ಚಿನ ದೆವ್ವದ ಸಿನಿಮಾ: ಯಾವುದು ಯಾರಿಗೆ?

ಒಂದೇ ದೆವ್ವದ ಸಿನಿಮಾ ನೋಡಿದ ಇಬ್ಬರಲ್ಲಿ ಒಬ್ಬರಿಗೆ ರಾತ್ರಿ ದೀಪ ಆರಿಸಲು ಧೈರ್ಯ ಸಾಲುವುದಿಲ್ಲ. ಇನ್ನೊಬ್ಬರು ದುಡ್ಡು ದಂಡವಾಯಿತೆಂದು ಬಯ್ಯುತ್ತಾರೆ. ಯಾವ ಬಗೆಯ ಸಿನಿಮಾಕ್ಕಾದರೂ ಹೊಗಳುವವರು, ತೆಗಳುವವರು ಇದ್ದೇ ಇರುತ್ತಾರೆ. ಆದರೆ ಕಡಿಮೆ ಖರ್ಚಿನ ಹಾರರ್ ಸಿನಿಮಾಗಳ ವಿಷಯದಲ್ಲಿ ನಡುವಿನ ಅಭಿಪ್ರಾಯವೇ ಅಪರೂಪ. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟವರ ಪಕ್ಕದಲ್ಲೇ ಎರಡು ಕೊಟ್ಟವರು ಕುಳಿತಿರುತ್ತಾರೆ. ಸರಾಸರಿ ತೆಗೆದರೆ ಐದೂವರೆ ಬರುತ್ತದೆ, ಮತ್ತು ಆ ಐದೂವರೆ ಯಾರೊಬ್ಬರ ಅನುಭವವೂ ಆಗಿರುವುದಿಲ್ಲ. ಹಾಗಾಗಿ ಅಂಕಗಳನ್ನು ನೋಡಿ ಇಂಥ ಸಿನಿಮಾ ಆರಿಸಲು ಹೊರಟರೆ ಒಳ್ಳೆಯದು ಕೈತಪ್ಪುತ್ತದೆ, ನಮಗೆ ಹೊಂದದ್ದು ಕೈಗೆ ಬರುತ್ತದೆ.

ಇದರ ಕಾರಣ ತೀರ ಗೂಢವೇನಲ್ಲ. ದುಡ್ಡಿರುವ ಸಿನಿಮಾ ದೆವ್ವವನ್ನು ಕಟ್ಟಿ ತೋರಿಸುತ್ತದೆ: ಗ್ರಾಫಿಕ್ಸ್, ಮೇಕಪ್, ಕುಸಿದು ಬೀಳುವ ಮನೆ, ಗಾಳಿಯಲ್ಲಿ ತೇಲುವ ದೇಹ. ದುಡ್ಡಿಲ್ಲದ್ದು ಅದನ್ನೆಲ್ಲ ತೋರಿಸಲಾರದು. ಕತ್ತಲೆ ತುಂಬಿದ ಒಂದು ಬಾಗಿಲು, ಎಲ್ಲಿಂದ ಬಂತೆಂದು ತಿಳಿಯದ ಒಂದು ಸದ್ದು, ಹೆದರಿದ ಒಂದು ಮುಖ, ಇಷ್ಟನ್ನು ಎದುರಿಗಿಟ್ಟು ಉಳಿದದ್ದನ್ನು ನೋಡುವವರಿಗೇ ಬಿಡುತ್ತದೆ. ಮಬ್ಬುಗತ್ತಲೆಯಲ್ಲಿ ಬಿದ್ದಿರುವ ಹಗ್ಗವನ್ನು ಹಾವು ಮಾಡುವುದು ನೋಡುವವರ ಮನಸ್ಸು. ಆ ಕೆಲಸಕ್ಕೆ ಮನಸ್ಸು ಒಪ್ಪಿದರೆ ಸಿನಿಮಾ ಗೆಲ್ಲುತ್ತದೆ. ಒಪ್ಪದಿದ್ದರೆ ಎದುರಿಗಿರುವುದು ಬರೀ ಹಗ್ಗ. ಆದ್ದರಿಂದ ‘ಸಿನಿಮಾ ಚೆನ್ನಾಗಿದೆಯೇ’ ಎಂದು ಕೇಳುವ ಮೊದಲು ‘ಇದು ನನ್ನಿಂದ ಯಾವ ಬಗೆಯ ಕೆಲಸ ಕೇಳುತ್ತದೆ, ಎಷ್ಟು ಹೊತ್ತು’ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಹೋಲಿಕೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ. ನೋಡಿ ಎಂದು ಹೇಳುವ ಯಾವ ಸಿನಿಮಾದ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ.

ಒಂದು ಬಸ್ಸಿನ ಬ್ರೇಕ್

ಈ ಕಲೆಯ ಬೇರು ಹಳೆಯದು. 1942ರಲ್ಲಿ ಆರ್‌ಕೆಓ ಎಂಬ ಹಾಲಿವುಡ್ ಸಂಸ್ಥೆ ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಹಾರರ್ ಸಿನಿಮಾ ಮಾಡುವ ಹೊಣೆ ಕೊಟ್ಟಿತು. ಷರತ್ತುಗಳು ಬಿಗಿಯಾಗಿದ್ದವು: ಪ್ರತಿ ಸಿನಿಮಾದ ಖರ್ಚು 1,50,000 ಡಾಲರ್ ಮೀರಬಾರದು, ಅವಧಿ 75 ನಿಮಿಷ ದಾಟಬಾರದು, ಹೆಸರನ್ನು ಸಂಸ್ಥೆಯೇ ಕೊಡುತ್ತದೆ. ಮೊದಲು ಬಂದದ್ದು ‘ಕ್ಯಾಟ್ ಪೀಪಲ್’. ನಿರ್ದೇಶಕ ಜಾಕ್ ಟೂರ್ನರ್. ಹೆಣ್ಣೊಬ್ಬಳು ಚಿರತೆಯಾಗುತ್ತಾಳೆ ಎಂಬ ಕಥೆಯಲ್ಲಿ ಆ ರೂಪಾಂತರವನ್ನು ತೋರಿಸಲು ಹಣವಿರಲಿಲ್ಲ, ಲ್ಯೂಟನ್‌ಗೆ ತೋರಿಸುವ ಮನಸ್ಸೂ ಇರಲಿಲ್ಲ.

ಅದರ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ರಾತ್ರಿ, ಉದ್ಯಾನದ ಕಲ್ಲುಗೋಡೆಯ ಪಕ್ಕದ ರಸ್ತೆ. ಒಬ್ಬಳು ನಡೆಯುತ್ತಿದ್ದಾಳೆ, ಇನ್ನೊಬ್ಬಳು ಹಿಂಬಾಲಿಸುತ್ತಿದ್ದಾಳೆ. ಹಿನ್ನೆಲೆ ಸಂಗೀತವಿಲ್ಲ, ಇಬ್ಬರ ಹಿಮ್ಮಡಿಗಳ ಟಕಟಕ ಸದ್ದು ಮಾತ್ರ. ಬೀದಿದೀಪದ ಬೆಳಕಿನ ವೃತ್ತದಿಂದ ಕತ್ತಲೆಗೆ, ಕತ್ತಲೆಯಿಂದ ಮತ್ತೆ ಬೆಳಕಿಗೆ. ಒಂದು ಹಂತದಲ್ಲಿ ಹಿಂದಿನ ಹೆಜ್ಜೆಗಳ ಸದ್ದು ನಿಂತುಹೋಗುತ್ತದೆ. ಮುಂದಿದ್ದವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಅವಳು ಓಡತೊಡಗುತ್ತಾಳೆ. ಆಗ ಪರದೆಯ ಅಂಚಿನಿಂದ ಮೃಗದ ಬುಸುಗುಟ್ಟುವಿಕೆಯಂಥ ಸದ್ದಿನೊಂದಿಗೆ ಒಂದು ಬಸ್ಸು ನುಗ್ಗಿ ಬಂದು ನಿಲ್ಲುತ್ತದೆ. ಅದು ಬ್ರೇಕಿನ ಸದ್ದು, ಅಷ್ಟೇ. ಸಿನಿಮಾದವರ ಬಾಯಲ್ಲಿ ಈ ಉಪಾಯಕ್ಕೆ ‘ಲ್ಯೂಟನ್ ಬಸ್’ ಎಂಬ ಹೆಸರೇ ನಿಂತುಹೋಯಿತು. ಇಂದು ಎಲ್ಲರೂ ಜಂಪ್ ಸ್ಕೇರ್ ಎನ್ನುವ, ಒಮ್ಮೆಲೇ ಬೆಚ್ಚಿಬೀಳಿಸುವ ತಂತ್ರದ ತಾಯಿ ಇದು.

ಈ ದೃಶ್ಯ ನಿಮಗೆ ಹಿಡಿಸಿತೇ ಎಂಬುದೇ ಒಳ್ಳೆಯ ಪರೀಕ್ಷೆ. ಹಿಡಿಸಿದರೆ ದುಡ್ಡಿಲ್ಲದ ಹಾರರ್‌ನ ಹೆಚ್ಚಿನ ಬಾಗಿಲುಗಳು ನಿಮಗೆ ತೆರೆದಿವೆ. ‘ಬಸ್ಸು ಬಂದರೆ ಹೆದರುವುದೇಕೆ’ ಎನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ; ನಿಮಗೆ ಬೇಕಾದದ್ದು ಮುಂದೆ ಹೇಳುವ ಬೇರೆ ಬಗೆ.

ಕೈಯಲ್ಲೇ ಕ್ಯಾಮೆರಾ ಹಿಡಿದವರು

ಪಾತ್ರಗಳೇ ಚಿತ್ರೀಕರಿಸಿದ ದೃಶ್ಯಗಳು ಆಮೇಲೆ ಸಿಕ್ಕವು ಎಂಬಂತೆ ತೋರಿಸುವ ಬಗೆಗೆ ಫೌಂಡ್ ಫೂಟೇಜ್ ಎನ್ನುತ್ತಾರೆ. ಜಗಳ ಹೆಚ್ಚಾಗಿ ನಡೆಯುವುದು ಇಲ್ಲೇ. ಈ ಗುಂಪಿನ ಎರಡು ದೊಡ್ಡ ಹೆಸರುಗಳು ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಮತ್ತು ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ (2007ರಲ್ಲಿ ತಯಾರಾಗಿ 2009ರಲ್ಲಿ ಎಲ್ಲೆಡೆ ತೆರೆಕಂಡದ್ದು). ಮೊದಲನೆಯದರ ಚಿತ್ರೀಕರಣಕ್ಕೆ ತಗುಲಿದ್ದು ಹೆಚ್ಚೆಂದರೆ 60,000 ಡಾಲರ್ ಎನ್ನುತ್ತಾರೆ. ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 25 ಕೋಟಿ ಡಾಲರ್. ಎರಡನೆಯದರ ಚಿತ್ರೀಕರಣದ ಖರ್ಚು 15,000 ಡಾಲರ್, ಗಳಿಕೆ 19 ಕೋಟಿಗೂ ಹೆಚ್ಚು. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು: ಇವು ಕ್ಯಾಮೆರಾ ಓಡಿದ ದಿನಗಳ ಖರ್ಚು ಮಾತ್ರ. ವಿತರಕರು ಕೊಂಡ ಮೇಲೆ ಧ್ವನಿ ತಿದ್ದಲು, ಪ್ರಿಂಟ್ ಹಾಕಿಸಲು, ಪ್ರಚಾರ ಮಾಡಲು ಸುರಿದ ಹಣ ಅದರ ಹಲವು ಪಟ್ಟು.

ಒಂದೇ ಬಗೆಯವೆಂದು ಇವೆರಡನ್ನು ಜೊತೆಯಲ್ಲಿ ಹೆಸರಿಸಿದರೂ ನೋಡುವವರಿಂದ ಅವು ಕೇಳುವುದು ತೀರ ಬೇರೆ ಬೇರೆ.

‘ಬ್ಲೇರ್ ವಿಚ್’ನಲ್ಲಿ ಮೂವರು ವಿದ್ಯಾರ್ಥಿಗಳು ಮಾಟಗಾತಿಯೊಬ್ಬಳ ಐತಿಹ್ಯದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಾಡಿಗೆ ಹೋಗಿ ದಾರಿ ತಪ್ಪುತ್ತಾರೆ. ನಿರ್ದೇಶಕರಾದ ಡೇನಿಯಲ್ ಮೈರಿಕ್ ಮತ್ತು ಎಡ್ವಾರ್ಡೊ ಸಾಂಚೆಜ್ ಕ್ಯಾಮೆರಾಗಳನ್ನು ನಟರ ಕೈಗೇ ಕೊಟ್ಟು ಎಂಟು ದಿನ ಕಾಡಿನಲ್ಲಿ ಬಿಟ್ಟರು. ಸಂಭಾಷಣೆ ಬರೆದು ಕೊಡಲಿಲ್ಲ; ಆಯಾ ದಿನದ ಸೂಚನೆಗಳನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಚೀಟಿಯಲ್ಲಿಟ್ಟರು. ದಿನ ಕಳೆದಂತೆ ಊಟ ಕಡಿಮೆ ಮಾಡಿದರು. ರಾತ್ರಿ ಬಂದು ಡೇರೆಯನ್ನು ಅಲುಗಾಡಿಸಿದರು. ಆದ್ದರಿಂದ ಪರದೆಯ ಮೇಲೆ ಕಾಣುವ ದಣಿವು, ಸಿಡುಕು, ಬೆಚ್ಚಿಬೀಳುವಿಕೆಯಲ್ಲಿ ಬಹುಪಾಲು ನಿಜವಾದದ್ದೇ. ಮಾಟಗಾತಿ ಒಮ್ಮೆಯೂ ಕಾಣಿಸುವುದಿಲ್ಲ.

ಇದನ್ನು ದ್ವೇಷಿಸುವವರ ಮಾತಿನಲ್ಲಿ ಹುರುಳಿದೆ. ಸಿನಿಮಾದ ಬಹುಪಾಲು ಮೂವರು ನಕ್ಷೆಗಾಗಿ ಜಗಳವಾಡುತ್ತಾರೆ, ನಡೆಯುತ್ತಾರೆ, ಅಳುತ್ತಾರೆ. ಕ್ಯಾಮೆರಾ ಎಷ್ಟು ಅಲುಗಾಡುತ್ತದೆಂದರೆ ಬಿಡುಗಡೆಯಾದಾಗ ಚಿತ್ರಮಂದಿರಗಳಲ್ಲಿ ಹಲವರಿಗೆ ತಲೆ ಸುತ್ತಿ ವಾಕರಿಕೆ ಬಂತು. ಇನ್ನೊಂದು ಸಂಗತಿಯೂ ಇದೆ. 1999ರ ಪ್ರೇಕ್ಷಕರಲ್ಲಿ ಎಷ್ಟೋ ಜನ ಇದೆಲ್ಲ ನಡೆದದ್ದೇ ಎಂದು ನಂಬಿದ್ದರು. ನಟರು ತಮ್ಮ ನಿಜ ಹೆಸರುಗಳಲ್ಲೇ ಕಾಣಿಸಿಕೊಂಡಿದ್ದರು, ಅವರು ಕಾಣೆಯಾಗಿದ್ದಾರೆಂಬ ಭಿತ್ತಿಪತ್ರಗಳು, ಒಂದು ಅಂತರ್ಜಾಲ ತಾಣ, ಎಲ್ಲವೂ ಆ ನಂಬಿಕೆಯನ್ನು ಗಟ್ಟಿಗೊಳಿಸಿದ್ದವು. ಭಯದ ಒಂದು ಪಾಲು ಪರದೆಯ ಹೊರಗಿನಿಂದ ಬಂದಿತ್ತು. ಇಂದು ನೋಡುವವರಿಗೆ ಆ ಪಾಲು ಸಿಗುವುದಿಲ್ಲ. ಉಳಿದಿರುವುದು ದಾರಿ ತಪ್ಪುವ ಭಯ: ದಿನವಿಡೀ ಒಂದೇ ದಿಕ್ಕಿಗೆ ನಡೆದು ಸಂಜೆಗೆ ಬೆಳಗ್ಗೆ ದಾಟಿದ ಮರದ ದಿಮ್ಮಿಯ ಎದುರಿಗೇ ಬಂದು ನಿಲ್ಲುವ ಗಳಿಗೆ. ನನ್ನ ಮಟ್ಟಿಗೆ ದೆವ್ವಕ್ಕಿಂತ ಆ ದಿಮ್ಮಿಯೇ ಹೆಚ್ಚು ಕಾಡುತ್ತದೆ, ಅದಕ್ಕಾಗಿಯೇ ಈ ಸಿನಿಮಾ ಇನ್ನೂ ಬದುಕಿದೆ ಎಂದು ನಾನು ನಂಬಿದ್ದೇನೆ.

‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಕ್ಯಾಮೆರಾವನ್ನು ಅಲುಗಾಡಿಸುವ ಬದಲು ನಿಲ್ಲಿಸಿಬಿಡುತ್ತದೆ. ನಿರ್ದೇಶಕ ಓರೆನ್ ಪೆಲಿ ಸ್ಯಾನ್ ಡಿಯೇಗೊದ ತನ್ನ ಸ್ವಂತ ಮನೆಯಲ್ಲೇ ಒಂದು ವಾರದಲ್ಲಿ ಚಿತ್ರೀಕರಿಸಿದ. ಮಲಗುವ ಕೋಣೆಯ ಮೂಲೆಯಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ. ಒಂದು ಬದಿಗೆ ಹಾಸಿಗೆ, ಮಲಗಿರುವ ಇಬ್ಬರು. ಇನ್ನೊಂದು ಬದಿಗೆ ತೆರೆದ ಬಾಗಿಲು, ಅದರಾಚೆ ಕತ್ತಲೆಯ ಹಜಾರ. ಕೆಳಗಿನ ಮೂಲೆಯಲ್ಲಿ ಗಡಿಯಾರದ ಅಂಕಿಗಳು ಓಡುತ್ತವೆ. ಅಂಕಿಗಳು ವೇಗವಾಗಿ ಓಡುವವರೆಗೆ ಏನೂ ಆಗುವುದಿಲ್ಲ ಎಂದು ಗೊತ್ತು. ಅವು ಒಮ್ಮೆಲೇ ನಿಧಾನವಾದಾಗ ಕಣ್ಣು ತಾನಾಗಿ ಬಾಗಿಲಿನ ಕಡೆ ಹೊರಳುತ್ತದೆ. ಬಾಗಿಲು ಒಂದು ಗೇಣು ಅಲುಗುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ಇಷ್ಟರಲ್ಲೇ ಎದೆ ಹಿಡಿದುಕೊಂಡವರಿಗೆ ಈ ಸಿನಿಮಾ ಹಬ್ಬ. ಮೂರನೆಯ ರಾತ್ರಿಯ ಹೊತ್ತಿಗೆ ಆ ಅಂಕಿಗಳೇ ಹೆದರಿಸತೊಡಗುತ್ತವೆ, ಅದಕ್ಕಾಗಿ ಒಂದು ಕಾಸೂ ಖರ್ಚಾಗಿಲ್ಲ ಎಂಬುದನ್ನು ನೆನೆದರೆ ಗೌರವ ಮೂಡುತ್ತದೆ.

ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಹೀಗೆ ನೋಡಿ. ಪಾತ್ರಗಳ ಮನಸ್ಸು ಕುಸಿಯುವುದನ್ನು ನೋಡುವ ತಾಳ್ಮೆ ಇದ್ದು, ಕೊನೆಗೂ ಉತ್ತರ ಸಿಗದಿದ್ದರೆ ಬೇಸರವಿಲ್ಲ ಎನ್ನುವವರು ‘ಬ್ಲೇರ್ ವಿಚ್’ ನೋಡಲಿ, ಅದೂ ಒಬ್ಬರೇ, ಹೆಡ್‌ಫೋನ್ ಹಾಕಿಕೊಂಡು. ಹಂತಹಂತವಾಗಿ ಏರುವ ಭಯ, ನಡುನಡುವೆ ಉಸಿರಾಡಲು ಹಗಲಿನ ದೃಶ್ಯಗಳು, ಗೆಳೆಯರ ಜೊತೆ ಕುಳಿತು ಒಟ್ಟಿಗೆ ಬೆಚ್ಚುವ ಸುಖ ಬೇಕೆಂದರೆ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’. ಅದಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಗಳಿವೆ; ಚಿತ್ರಮಂದಿರದ ಅಂತ್ಯ ಎಲ್ಲಕ್ಕಿಂತ ಅಬ್ಬರದ್ದು. ಪ್ರಯಾಣದಲ್ಲಿ ವಾಕರಿಕೆ ಬರುವವರು ಮೊದಲನೆಯದನ್ನು ದೊಡ್ಡ ಪರದೆಯ ಮೇಲೆ ನೋಡಬೇಡಿ. ಕನ್ನಡದಲ್ಲಿ ಈ ಬಗೆಯನ್ನು ಅರಸುವವರಿಗೆ 2013ರ ‘6-5=2’ ಇದೆ; ಅದೂ ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳ ರೂಪದ ಸಿನಿಮಾ.

ಸಾಕ್ಷ್ಯಚಿತ್ರದ ವೇಷ

ಫೌಂಡ್ ಫೂಟೇಜ್‌ನ ಸೋದರಸಂಬಂಧಿ ಇದು. ಆದರೆ ಅಲುಗಾಟ ಕಡಿಮೆ, ಯೋಚನೆ ಹೆಚ್ಚು. ಆಸ್ಟ್ರೇಲಿಯಾದ ‘ಲೇಕ್ ಮಂಗೊ’ (2008, ನಿರ್ದೇಶಕ ಜೋಯಲ್ ಆಂಡರ್ಸನ್) ಮತ್ತು ಜಪಾನಿನ ‘ನೊರೊಯಿ’ (2005, ನಿರ್ದೇಶಕ ಕೋಜಿ ಶಿರಾಯಿಶಿ) ಇದರ ಎರಡು ತುದಿಗಳು.

‘ಲೇಕ್ ಮಂಗೊ’ ನೀರಿನಲ್ಲಿ ಮುಳುಗಿ ಸತ್ತ ಹದಿನಾರರ ಹುಡುಗಿಯ ಮನೆಯವರ ಸಂದರ್ಶನಗಳ ಮೂಲಕ ಸಾಗುತ್ತದೆ. ಅಪ್ಪ, ಅಮ್ಮ, ಸೋದರ ಕ್ಯಾಮೆರಾದ ಎದುರು ಕುಳಿತು ಸಮಾಧಾನದಿಂದ ಮಾತನಾಡುತ್ತಾರೆ. ಮನೆಯ ಫೋಟೋಗಳಲ್ಲಿ ಅವಳು ಕಾಣಿಸಿಕೊಂಡಳೇ ಎಂಬ ಅನುಮಾನ ಹುಟ್ಟುತ್ತದೆ, ಕರಗುತ್ತದೆ, ಮತ್ತೆ ಹುಟ್ಟುತ್ತದೆ. ನಟರು ಮಾತುಗಳನ್ನು ಸ್ಥಳದಲ್ಲೇ ಕಟ್ಟಿಕೊಂಡಿದ್ದರಿಂದ ಎಲ್ಲಿಯೂ ನಟನೆಯ ವಾಸನೆ ಇಲ್ಲ. ಭಯಪಡಿಸುವ ದೃಶ್ಯ ಎನ್ನುವಂಥದ್ದು ಇಡೀ ಸಿನಿಮಾದಲ್ಲಿ ಒಂದೇ ಒಂದು, ಮೊಬೈಲ್ ಫೋನಿನ ಒಡೆದ ಒಡೆದ ಚಿತ್ರದಲ್ಲಿ. ಅದನ್ನು ಹಾರರ್ ಎಂದು ನೋಡಲು ಕುಳಿತವರು ನಿರಾಶರಾಗುವುದುಂಟು, ಏಕೆಂದರೆ ಅದು ಮೂಲತಃ ಶೋಕದ ಸಿನಿಮಾ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸದ್ಯಕ್ಕೆ ಇದನ್ನು ಮುಂದೂಡಿ. ನೋಡುವವರು ಕೊನೆಯ ಹೆಸರುಗಳು ಉರುಳುವಾಗ ಎದ್ದು ಹೋಗಬೇಡಿ; ಮೊದಲು ನೋಡಿದ ಚಿತ್ರಗಳಲ್ಲೇ ನಾವು ಗಮನಿಸದೆ ಬಿಟ್ಟದ್ದು ಆಗ ಬರುತ್ತದೆ. ಹಣವಿಲ್ಲದ ದೆವ್ವದ ಸಿನಿಮಾಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು, ಯಾರಿಗಾದರೂ ಒಂದೇ ಹೆಸರು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

‘ನೊರೊಯಿ’ ಒಗಟು ಬಿಡಿಸುವವರಿಗೆ. ಅತಿಮಾನುಷ ಘಟನೆಗಳ ಬೆನ್ನುಹತ್ತಿದ ವರದಿಗಾರನೊಬ್ಬ ಕಾಣೆಯಾಗಿದ್ದಾನೆ, ನಾವು ನೋಡುವುದು ಅವನ ಕೊನೆಯ ಸಾಕ್ಷ್ಯಚಿತ್ರ. ಟಿವಿ ಕಾರ್ಯಕ್ರಮದ ತುಣುಕುಗಳು, ಹಳೆಯ ವಿಧಿಯ ಚಿತ್ರೀಕರಣ, ಸಂಬಂಧವೇ ಇಲ್ಲವೆನ್ನುವಂಥ ಹತ್ತಾರು ಎಳೆಗಳು ನಿಧಾನವಾಗಿ ಒಂದೇ ಗಂಟಿಗೆ ಬರುತ್ತವೆ. ಅವಧಿ ಎರಡು ಗಂಟೆಗೆ ಹತ್ತಿರ. ಸಬ್‌ಟೈಟಲ್ ಓದಬೇಕು, ಹೆಸರುಗಳನ್ನು ನೆನಪಿಡಬೇಕು. ಮೊಬೈಲ್ ನೋಡುತ್ತಾ ನೋಡಿದರೆ ಏನೂ ದಕ್ಕುವುದಿಲ್ಲ.

ಲಾಕ್‌ಡೌನ್ ಕಾಲದ ‘ಹೋಸ್ಟ್’ (2020) ಕೂಡ ಈ ಸಾಲಿನದೇ. ಗೆಳೆಯರ ಗುಂಪೊಂದು ವಿಡಿಯೊ ಕರೆಯಲ್ಲೇ ಆತ್ಮಗಳನ್ನು ಕರೆಯಲು ಹೊರಡುತ್ತದೆ. ನಿರ್ದೇಶಕ ರಾಬ್ ಸ್ಯಾವೇಜ್ ದೂರದಿಂದಲೇ ನಿರ್ದೇಶಿಸಿದ. ಬೆಳಕು, ಕ್ಯಾಮೆರಾ, ಕೆಲವು ಚಮತ್ಕಾರಗಳನ್ನು ನಟರೇ ತಮ್ಮ ಮನೆಗಳಲ್ಲಿ ನೋಡಿಕೊಂಡರು. ಒಂದು ಗಂಟೆಯೂ ಇಲ್ಲ. ಹೊಸಬರಿಗೆ ಇದಕ್ಕಿಂತ ಸುಲಭದ ಆರಂಭ ಇಲ್ಲ. ಟಿವಿಗಿಂತ ಲ್ಯಾಪ್‌ಟಾಪಿನಲ್ಲಿ ನೋಡಿ.

ನಿಧಾನದ ಮನೆಗಳು, ಕೈಕೆಲಸದ ರಕ್ತ

ಇನ್ನೆರಡು ಬಗೆಗಳನ್ನು ಎದುರುಬದುರು ಇಟ್ಟರೆ ಆಯ್ಕೆ ಸಲೀಸು. ಒಂದು, ನೋಡುವವರನ್ನು ಕಾಯಿಸುವ ಸಿನಿಮಾ. ಇನ್ನೊಂದು, ರಕ್ತ ಎರಚುವ ಸಿನಿಮಾ.

ಕಾಯಿಸುವುದರಲ್ಲಿ ‘ದಿ ಹೌಸ್ ಆಫ್ ದಿ ಡೆವಿಲ್’ (2009, ನಿರ್ದೇಶಕ ಟೈ ವೆಸ್ಟ್) ಮಾದರಿ. 1980ರ ದಶಕದ ಕಾಲೇಜು ಹುಡುಗಿ ಹಣದ ಮುಗ್ಗಟ್ಟಿನಿಂದ ಊರಾಚೆಯ ಮನೆಯೊಂದರಲ್ಲಿ ಒಂದು ರಾತ್ರಿಯ ಕೆಲಸಕ್ಕೆ ಒಪ್ಪುತ್ತಾಳೆ. ಆ ದಶಕದ ಸಿನಿಮಾದಂತೆಯೇ ಕಾಣಲೆಂದು 16 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿದ್ದಾರೆ. ಬಹಳ ಹೊತ್ತು ಅವಳು ಮನೆಯಲ್ಲಿ ಓಡಾಡುತ್ತಾಳೆ, ಕಿವಿಗೆ ವಾಕ್‌ಮನ್ ಹಾಕಿಕೊಂಡು ಕುಣಿಯುತ್ತಾಳೆ, ಮುಚ್ಚಿದ ಬಾಗಿಲುಗಳನ್ನು ನೋಡುತ್ತಾಳೆ. ಕೊನೆಯ ಭಾಗ ಮಾತ್ರ ಬಿರುಸು. ‘ಏನೂ ಆಗುವುದಿಲ್ಲ’ ಎಂಬ ದೂರು ಸುಳ್ಳಲ್ಲ, ಆದರೆ ಆ ಏನೂ ಆಗದ ಹೊತ್ತೇ ಈ ಸಿನಿಮಾದ ಬಂಡವಾಳ. ಇನ್ನೂ ಹಿಂದಕ್ಕೆ ಹೋಗುವವರಿಗೆ ‘ಕಾರ್ನಿವಲ್ ಆಫ್ ಸೋಲ್ಸ್’ (1962) ಇದೆ. ಶೈಕ್ಷಣಿಕ ಚಿತ್ರಗಳನ್ನೂ ಉದ್ಯಮಗಳಿಗೆ ಬೇಕಾದ ಚಿತ್ರಗಳನ್ನೂ ಮಾಡುತ್ತಿದ್ದ ಹರ್ಕ್ ಹಾರ್ವಿ ಯೂಟಾ ರಾಜ್ಯದ ಉಪ್ಪುಸರೋವರದ ದಡದಲ್ಲಿ ಪಾಳುಬಿದ್ದ ಸಾಲ್ಟೇರ್ ಎಂಬ ವಿಹಾರಭವನವನ್ನು ಕಂಡು, ಅದಕ್ಕಾಗಿಯೇ ಕಥೆ ಬರೆಸಿ, ಸುಮಾರು 33,000 ಡಾಲರಿನಲ್ಲಿ ಮುಗಿಸಿದ. ಬಿಳಿಚಿದ ಮುಖದ ಪ್ರೇತವೂ ಅವನೇ. ಆರ್ಗನ್ ವಾದ್ಯದ ಸಂಗೀತ ದಿನಗಟ್ಟಲೆ ಕಿವಿಯಲ್ಲಿ ಉಳಿಯುತ್ತದೆ. ತುಟಿಗೂ ಮಾತಿಗೂ ಅಲ್ಲಲ್ಲಿ ಹೊಂದುವುದಿಲ್ಲ, ಕೆಲವರ ನಟನೆ ಒಣಗಿದಂತಿದೆ. ಆದರೆ ನಾಯಕಿಗೆ ಲೋಕವೇ ಅಪರಿಚಿತವಾಗುತ್ತಾ ಹೋಗುವ ಕಥೆಗೆ ಆ ಒರಟುತನವೂ ಒದಗಿಬರುತ್ತದೆ. ಅಮೆರಿಕದಲ್ಲಿ ಹಕ್ಕುಸ್ವಾಮ್ಯವಿಲ್ಲದ ಚಿತ್ರವಾದ್ದರಿಂದ ಹುಡುಕುವುದೂ ಸುಲಭ.

ಎರಚುವುದರಲ್ಲಿ ‘ದಿ ಈವಿಲ್ ಡೆಡ್’ (1981) ಮುಂದೆ ನಿಲ್ಲುವಂಥದ್ದು ವಿರಳ. ಸ್ಯಾಮ್ ರೈಮಿ ಮತ್ತು ಗೆಳೆಯರು ಸುಮಾರು 3,75,000 ಡಾಲರ್ ಒಟ್ಟುಮಾಡಿ ಟೆನೆಸಿಯ ಕಾಡಿನ ಮರದ ಮನೆಯೊಂದರಲ್ಲಿ ಚಳಿಯಲ್ಲಿ ನಡುಗುತ್ತಾ ಮಾಡಿದ ಸಿನಿಮಾ. ದುಷ್ಟಶಕ್ತಿ ಕಾಡಿನೊಳಗಿಂದ ನುಗ್ಗಿ ಬರುವ ದೃಶ್ಯಕ್ಕೆ ಬೇಕಾದ ಯಂತ್ರ ಕೊಳ್ಳಲು ಹಣವಿರಲಿಲ್ಲ. ಉದ್ದನೆಯ ಹಲಗೆಯ ನಡುವೆ ಕ್ಯಾಮೆರಾ ಬಿಗಿದು ಇಬ್ಬರು ಎರಡು ತುದಿ ಹಿಡಿದು ಓಡಿದರು. ಪರದೆಯ ಮೇಲೆ ಅದು ನೆಲಕ್ಕೆ ತಾಗುವಂತೆ ಹಾರಿಬರುವ ಯಾವುದೋ ಜೀವದ ಕಣ್ಣಾಗಿದೆ. ರಕ್ತ ಜೋಳದ ಪಾಕದ್ದು, ದೇಹಗಳು ಕರಗುವುದು ಜೇಡಿಮಣ್ಣನ್ನು ಚೌಕಟ್ಟು ಚೌಕಟ್ಟಾಗಿ ಅಲುಗಿಸಿ ತೆಗೆದದ್ದು. ಇಂದಿನ ಕಣ್ಣಿಗೆ ಅದು ನಕಲಿ ಎಂದು ತಕ್ಷಣ ತಿಳಿಯುತ್ತದೆ. ಆ ನಕಲಿಯಲ್ಲಿ ಕೈಗಳ ಬೆವರು ಕಾಣುವವರಿಗೆ ಸಂತೋಷ, ಕಾಣದವರಿಗೆ ನಗು. ಇಷ್ಟನ್ನೂ ಮೆಚ್ಚಿಕೊಂಡೇ ಹೇಳಬೇಕಾದದ್ದು: ಇದರಲ್ಲಿ ಹೆಣ್ಣಿನ ಮೇಲೆ ಮರಗಳು ಲೈಂಗಿಕ ಆಕ್ರಮಣ ಮಾಡುವ ದೃಶ್ಯವಿದೆ. ಅದು ಬೇಡವಾಗಿತ್ತೆಂದು ನನಗೆ ಸ್ಪಷ್ಟವಾಗಿ ಅನಿಸುತ್ತದೆ. ಅಂಥದ್ದನ್ನು ನೋಡಲಾರದವರು ಈ ಸಿನಿಮಾ ಬಿಟ್ಟರೆ ಏನನ್ನೂ ಕಳೆದುಕೊಳ್ಳುವುದಿಲ್ಲ.

ದೆವ್ವ ಕಾಣಲೇಬೇಕು, ಆದರೆ ರಕ್ತ ಬೇಡ ಎನ್ನುವವರು ‘ಇನ್‌ಸಿಡಿಯಸ್’ (2010) ಆರಿಸಬಹುದು. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯ ಹಿಂದಿದ್ದವರೇ ನಿರ್ಮಾಪಕರಲ್ಲಿದ್ದರು, ನಿರ್ದೇಶಕ ಜೇಮ್ಸ್ ವಾನ್, ಖರ್ಚು 15 ಲಕ್ಷ ಡಾಲರ್. ಹಾಡುಹಗಲಿನಲ್ಲಿ ಮೇಜಿನ ಎದುರು ಮಾತನಾಡುತ್ತಿರುವಾಗ ಒಬ್ಬನ ಭುಜದ ಹಿಂದೆ ಕೆಂಪು ಮುಖವೊಂದು ಕಾಣಿಸಿಕೊಳ್ಳುವ ಗಳಿಗೆಯನ್ನು ನೋಡಿದವರು ಮರೆಯುವುದಿಲ್ಲ. ಕೊನೆಯ ಮೂರನೆಯ ಒಂದು ಭಾಗದಲ್ಲಿ ದೆವ್ವಗಳನ್ನು ಹೆಚ್ಚಾಗಿಯೇ ತೋರಿಸಿ ಸಿನಿಮಾ ಸೊರಗುತ್ತದೆ. ಆದರೂ ಕುಟುಂಬದ ದೊಡ್ಡವರು ಒಟ್ಟಿಗೆ ನೋಡಲು ಈ ಪಟ್ಟಿಯಲ್ಲಿ ಇದೇ ಸೂಕ್ತ.

ಎಲ್ಲಕ್ಕಿಂತ ಹೆಚ್ಚು ಜಗಳ ತಂದದ್ದು

‘ಸ್ಕಿನಮರಿಂಕ್’ (2022) ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. ಕೆನಡಾದ ಕೈಲ್ ಎಡ್ವರ್ಡ್ ಬಾಲ್ ಎಡ್ಮಂಟನ್‌ನಲ್ಲಿ ತಾನು ಬೆಳೆದ ಮನೆಯಲ್ಲೇ, 15,000 ಡಾಲರಿನಲ್ಲಿ ಮಾಡಿದ ಸಿನಿಮಾ. ಅದಕ್ಕೆ ಮೊದಲು ಆತ ಜನ ಹೇಳಿಕೊಂಡ ದುಃಸ್ವಪ್ನಗಳನ್ನು ಕಿರುಚಿತ್ರಗಳಾಗಿ ಮಾಡಿ ಯೂಟ್ಯೂಬಿನಲ್ಲಿ ಹಾಕುತ್ತಿದ್ದ. ಕಥೆ ಇಷ್ಟೇ: 1995ರ ಒಂದು ರಾತ್ರಿ ಇಬ್ಬರು ಪುಟ್ಟ ಮಕ್ಕಳು ಎಚ್ಚರಗೊಂಡಾಗ ಅಪ್ಪ ಇಲ್ಲ, ಮನೆಯ ಬಾಗಿಲು ಕಿಟಕಿಗಳು ಒಂದೊಂದಾಗಿ ಮಾಯವಾಗುತ್ತಿವೆ.

ನೂರು ನಿಮಿಷ ನಾವು ನೋಡುವುದು ಛಾವಣಿಯ ಅಂಚು, ಗೋಡೆಯ ಮೂಲೆ, ನೆಲಹಾಸಿನ ಮೇಲೆ ಚೆಲ್ಲಿದ ಆಟಿಕೆಗಳು, ಟಿವಿಯ ನೀಲಿ ಬೆಳಕು. ಮಕ್ಕಳ ಮುಖ ಸರಿಯಾಗಿ ಕಾಣುವುದೇ ಇಲ್ಲ. ಪಾದಗಳು, ಬೆನ್ನು, ಪಿಸುಮಾತು. ಕತ್ತಲೆಯಲ್ಲಿ ಚಿತ್ರದ ಕಣಗಳು ಕುದಿಯುತ್ತಿರುತ್ತವೆ. ಕೆಲವು ನಿಮಿಷಗಳ ನಂತರ ಆ ಕಣಗಳಲ್ಲೇ ಮುಖವೊಂದು ಮೂಡಿದಂತೆ ಕಾಣತೊಡಗುತ್ತದೆ. ಅದು ನಿಜವಾಗಿ ಇದೆಯೇ ಎಂದು ಕೇಳಿದರೆ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ.

ಅರ್ಧಕ್ಕೆ ಎದ್ದುಹೋದವರನ್ನು ‘ನಿಮಗೆ ಅರ್ಥವಾಗಲಿಲ್ಲ’ ಎಂದು ಹೀಗಳೆಯುವ ಅಭಿಮಾನಿಗಳ ಮಾತು ನನಗೆ ಸಹ್ಯವಾಗುವುದಿಲ್ಲ. ಬಾಲ್ಯದಲ್ಲಿ ಕತ್ತಲೆಯ ಮನೆಯಲ್ಲಿ ಒಬ್ಬರೇ ಎಚ್ಚರವಾಗಿದ್ದ ನೆನಪು ಯಾರ ಮೈಯಲ್ಲಿ ಉಳಿದಿದೆಯೋ ಅವರಿಗೆ ಈ ಸಿನಿಮಾ ಸಹಿಸಲಾಗದಷ್ಟು ಹತ್ತಿರ. ಉಳಿಯದವರಿಗೆ ಅದು ಮೂಲೆಗಳ ಚಿತ್ರಮಾಲೆ. ಇದರಲ್ಲಿ ಬುದ್ಧಿವಂತಿಕೆಯ ಪ್ರಶ್ನೆಯೇ ಬರುವುದಿಲ್ಲ. ಹದಿನೈದು ನಿಮಿಷ ನೋಡಿ. ಮೈ ಬಿಗಿಯದಿದ್ದರೆ ನಿಲ್ಲಿಸಿ, ಮುಂದೆಯೂ ಅದು ಬದಲಾಗುವುದಿಲ್ಲ. ಹಗಲು ಹೊತ್ತಿನಲ್ಲಿ, ಬೆಳಕಿರುವ ಕೋಣೆಯಲ್ಲಿ, ಗುಂಪಿನಲ್ಲಿ ನೋಡಿದರೆ ಯಾರಿಗೂ ಏನೂ ಸಿಗುವುದಿಲ್ಲ.

ಸೋಮಾರಿತನವನ್ನು ಗುರುತಿಸುವುದು

ಬಡತನವನ್ನೇ ಗುಣವೆಂದು ಕೊಂಡಾಡುವುದೂ ತಪ್ಪು. ತೋರಿಸದೇ ಇರುವುದು ಬೇರೆ, ತೋರಿಸಲು ಏನೂ ಇಲ್ಲದಿರುವುದು ಬೇರೆ. ‘ದಿ ಡೆವಿಲ್ ಇನ್‌ಸೈಡ್’ (2012) ಸುಮಾರು 10 ಲಕ್ಷ ಡಾಲರಿನಲ್ಲಿ ತಯಾರಾಗಿ 10 ಕೋಟಿ ಗಳಿಸಿತು. ಅಮೆರಿಕದಲ್ಲಿ ಬಿಡುಗಡೆಯ ದಿನವೇ ಪ್ರೇಕ್ಷಕರನ್ನು ಕೇಳಿ ಶ್ರೇಣಿ ಕೊಡುವ ಸಿನಿಮಾಸ್ಕೋರ್ ಎಂಬ ಸಂಸ್ಥೆಯಿಂದ ಅದು ಪಡೆದದ್ದು ಎಲ್ಲಕ್ಕಿಂತ ಕೆಳಗಿನ ‘ಎಫ್’. ಕಥೆ ನಡುವೆಯೇ ಕಡಿದುಹೋಗಿ, ಹೆಚ್ಚಿನ ವಿವರಕ್ಕೆ ಒಂದು ಅಂತರ್ಜಾಲ ತಾಣ ನೋಡಿ ಎಂಬ ಸಾಲು ಬರುತ್ತದೆ. ಪ್ರೇಕ್ಷಕರ ಕೋಪ ನ್ಯಾಯವಾದದ್ದೇ. ಆದರೆ ಅದೇ ಶ್ರೇಣಿಯಲ್ಲಿ ‘ಬ್ಲೇರ್ ವಿಚ್’ ಪಡೆದದ್ದು ‘ಸಿ ಪ್ಲಸ್’, ವಿಮರ್ಶಕರು ಮೆಚ್ಚಿದ ‘ದಿ ವಿಚ್’ (2015) ಪಡೆದದ್ದು ‘ಸಿ ಮೈನಸ್’. ಮೊದಲ ದಿನದ ಪ್ರೇಕ್ಷಕರು ಟ್ರೇಲರ್ ಕೊಟ್ಟ ಮಾತಿಗೆ ಸಿನಿಮಾ ನಡೆದುಕೊಂಡಿತೇ ಎಂದು ಅಳೆಯುತ್ತಾರೆ. ಟ್ರೇಲರ್ ಮಾತು ಕೊಡುವುದು ಬಹುತೇಕ ಬೆಚ್ಚಿಬೀಳಿಸುವ ದೃಶ್ಯಗಳದ್ದು.

ಹಾಗಾದರೆ ಯಾವುದನ್ನು ನಂಬುವುದು? ಮೊದಲು ಕಿವಿಯನ್ನು. ಅಗ್ಗದ ಚಿತ್ರ ಒರಟಾಗಿದ್ದರೂ ಕಣ್ಣು ಕ್ಷಮಿಸುತ್ತದೆ. ಧ್ವನಿ ಕೆಟ್ಟಿದ್ದರೆ ಮನಸ್ಸು ಕ್ಷಮಿಸುವುದಿಲ್ಲ. ಮೊದಲ ಹತ್ತು ನಿಮಿಷ ಕೇಳಿ. ಕೋಣೆಯ ಮೌನಕ್ಕೂ ಒಂದು ಸದ್ದಿದೆ, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ದೂರದ ರಸ್ತೆ. ಅದನ್ನು ಕಾಪಾಡಿಕೊಂಡ ಸಿನಿಮಾದ ಹಿಂದೆ ಯೋಚಿಸಿದ ತಲೆ ಇದೆ. ಬೆಕ್ಕು ಹಾರಿದಾಗ, ಗೆಳೆಯ ಭುಜ ಮುಟ್ಟಿದಾಗ, ಕನ್ನಡಿ ಕಪಾಟು ಮುಚ್ಚಿದಾಗಲೆಲ್ಲ ಪಿಟೀಲುಗಳು ಕಿರುಚಿದರೆ ಎದ್ದುಬಿಡಬಹುದು. ಆಮೇಲೆ ತೆಗಳುವ ವಿಮರ್ಶೆಗಳನ್ನು ಓದಿ, ಹೊಗಳಿಕೆಗಿಂತ ಅವು ಉಪಯುಕ್ತ. ‘ನಿಧಾನ’, ‘ಏನೂ ತೋರಿಸಲಿಲ್ಲ’, ‘ಕೊನೆ ಅರ್ಥವಾಗಲಿಲ್ಲ’ ಎಂದಿದ್ದರೆ ಅದು ಅಭಿರುಚಿಯ ಮಾತು, ನಿಮ್ಮ ಅಭಿರುಚಿ ಬೇರೆಯಾಗಿರಬಹುದು. ‘ಪಾತ್ರಗಳು ಕಾರಣವಿಲ್ಲದೆ ದಡ್ಡತನ ಮಾಡುತ್ತವೆ’, ‘ಕಥೆಯ ನಿಯಮವೇ ನಡುವೆ ಬದಲಾಗುತ್ತದೆ’ ಎಂದು ಹಲವರು ಹೇಳಿದ್ದರೆ ಅದು ಬರವಣಿಗೆಯ ದೋಷ, ಎಲ್ಲರನ್ನೂ ಕಾಡುತ್ತದೆ.

ಒಂದು ಸಿನಿಮಾ ಹಿಡಿಸಿದೊಡನೆ ಅದರ ಮುಂದಿನ ಭಾಗಗಳತ್ತ ಕೈ ಚಾಚುವ ಮೊದಲು ತಡೆಯಿರಿ. ಮೊದಲ ಭಾಗ ಗೆದ್ದದ್ದು ಕೈ ಬಿಗಿಯಾಗಿದ್ದರಿಂದ. ಎರಡನೆಯದಕ್ಕೆ ಹಣ ಬರುತ್ತದೆ, ಮುಚ್ಚಿಟ್ಟದ್ದನ್ನು ವಿವರಿಸುವ ಆತುರವೂ ಬರುತ್ತದೆ. ‘ಬ್ಲೇರ್ ವಿಚ್’ನ ಎರಡನೆಯ ಭಾಗ ಮರುವರ್ಷವೇ, 2000ದಲ್ಲಿ, ಸುಮಾರು ಒಂದೂವರೆ ಕೋಟಿ ಡಾಲರಿನಲ್ಲಿ ಬಂದು ಮೊದಲನೆಯದರ ಅಭಿಮಾನಿಗಳಿಗೂ ರುಚಿಸಲಿಲ್ಲ. ‘ಈವಿಲ್ ಡೆಡ್’ ಮಾತ್ರ ಇದಕ್ಕೆ ಹೊರತು. 1987ರ ಎರಡನೆಯ ಭಾಗದಲ್ಲಿ ರೈಮಿ ಅದೇ ಬಗೆಯ ಕಾಡು, ಅದೇ ಬಗೆಯ ಮನೆ, ಅದೇ ನಾಯಕನನ್ನು ಇಟ್ಟುಕೊಂಡು, ಮೊದಲ ಭಾಗದ ಕಥೆಯನ್ನು ಆರಂಭದಲ್ಲೇ ಚುಟುಕಾಗಿ ಮತ್ತೆ ಹೇಳಿ, ಭಯದ ಜೊತೆ ನಗುವನ್ನು ಬೆರೆಸಿದ. ಮೊದಲನೆಯದನ್ನು ನೋಡಲು ಮನಸ್ಸಿಲ್ಲದವರು ನೇರವಾಗಿ ಅದರಿಂದಲೇ ಶುರುಮಾಡಬಹುದು.